ಕಾಕಾ ಇಳಿಬಿಟ್ಟ ವಾಯರು

ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಅನ್ನುವ ಮಾತು ನಮ್ಮ ವಿಜಯಪುರದವರ ಬಾಯಲ್ಲಿ ಬರುವುದಿಲ್ಲ. ಹಾಗೆ ಹೇಳಿದರೆ ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದಂತೆ ಸಂಕೋಚವಾಗುತ್ತದೆ. ಇಟ್ಟಂಗಿಹಾಳಕ್ಕೆ ಹೊರಟವರೊಬ್ಬರಿಗೆ ನಾನೇ ಒಮ್ಮೆ ‘ಹಿಂಗ ಸೀದಾ ಹೋಗ್ರಿ’ ಎಂದು ಕೈ ತೋರಿಸಿ, ಪಾಪ, ಆ ಊರಿನ ಬದಲು ಭೂತನಾಳದ ಕೆರೆ ದಂಡೆಗೆ ಮುಟ್ಟಿಸಿದ್ದೇನೆ. ಆ ಪುಣ್ಯಾತ್ಮ ಅಲ್ಲಿ ನಿಂತು ಏನು ಶಾಪ ಹಾಕಿದನೋ, ಅದು ಹೋದ ತಿಂಗಳು ನನ್ನ ಕಂಪ್ಯೂಟರಿಗೆ ತಟ್ಟಿತು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ತಿಕೋಟಾದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆಯ ಕಂಪ್ಯೂಟರಿಗೆ ಎಲ್ಲರೂ ಬಳಸುವ ವ್ಯವಸ್ಥೆ ಬಿಟ್ಟು, ಹಟ ಹಿಡಿದು ಲಿನಕ್ಸ್ ಹಾಕಿಕೊಂಡವನು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿಸಿದರೆ ನೋಡಿದವರು ಬೆರಗಾಗುತ್ತಾರೆಂಬ ಆಸೆ. ಹೆಂಡತಿ ಸುಮಂಗಲಾ ಮಾತ್ರ ಒಂದು ದಿನವೂ ಬೆರಗಾಗಲಿಲ್ಲ. ಅಂಥವಳಿಗೆ ಬಬಲೇಶ್ವರದ ಒಂದು ಶಾಲೆಯಿಂದ ಗ್ರಂಥಪಾಲಕಿಯ ಕೆಲಸಕ್ಕೆ ಸಂದರ್ಶನದ ಕರೆ ಬಂತು. ಲಗ್ನಕ್ಕೆ ಮೊದಲು ಓದಿಟ್ಟ ಡಿಗ್ರಿ; ಮಕ್ಕಳು ದೊಡ್ಡವರಾದ ಮೇಲೆ ಸಿಕ್ಕ ಮೊದಲ ಅವಕಾಶ. ಸಂದರ್ಶನ ಬೆಳಿಗ್ಗೆ ಹನ್ನೊಂದಕ್ಕೆ, ಆನ್‌ಲೈನ್‌ನಲ್ಲಿ. ಮೊಬೈಲ್ ನಡೆಯುವುದಿಲ್ಲ, ಕಂಪ್ಯೂಟರ್ ಮುಂದೆಯೇ ಕೂರಬೇಕು ಎಂದು ಬರೆದಿದ್ದರು. ‘ನೀ ಕಾಳಜಿ ಬಿಡು, ನಾ ಅದೀನಿ’ ಎಂದು ರಜೆ ಹಾಕಿದೆ.

ಹತ್ತು ಗಂಟೆಗೆ ನೋಡಿದರೆ ನೆಟ್ ಇಲ್ಲ. ಮೊಬೈಲಿನಲ್ಲಿ ಎಲ್ಲ ಬರುತ್ತದೆ, ಕಂಪ್ಯೂಟರಿಗೆ ಮಾತ್ರ ಬರುವುದಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಕೊಟ್ಟೆ, ಊಹೂಂ. ಕಪ್ಪು ಪರದೆಯಲ್ಲಿ ನೆಟ್ಟಿನ ದಾರಿಗಳ ಪಟ್ಟಿ ತೆಗೆಸಿದಾಗ ಕಳ್ಳ ಸಿಕ್ಕ. ಹೊರಗೆ ಹೋಗಲು ಎರಡು ದಾರಿ ಇದ್ದವು: ಒಂದು ನಮ್ಮ ವೈಫೈ, ಇನ್ನೊಂದು ಕಾಕಾನ ವಾಯರು. ಲಿನಕ್ಸಿಗೆ ವೈಫೈಗಿಂತ ವಾಯರಿನ ಮೇಲೆ ನಂಬಿಕೆ ಹೆಚ್ಚು. ಎರಡೂ ಇದ್ದರೆ ಕಣ್ಣು ಮುಚ್ಚಿ ವಾಯರನ್ನೇ ಹಿಡಿಯುತ್ತದೆ.

ಈ ವಾಯರಿನ ಕಥೆ ಹೇಳಬೇಕು. ಮೇಲಿನ ಮಹಡಿಯಲ್ಲಿರುವ ನಮ್ಮ ಕಾಕಾನಿಗೂ, ಅಂದರೆ ಅಪ್ಪನ ತಮ್ಮನಿಗೂ, ನಮಗೂ ನೀರಿನ ಟಾಕಿಯ ಸಲುವಾಗಿ ಜಗಳವಾಗಿ ಆರು ತಿಂಗಳು ಮಾತಿರಲಿಲ್ಲ. ಎರಡು ವರ್ಷದ ಹಿಂದೆ ರಾಜಿಯಾದ ದಿನ ಕಾಕಾ ತನ್ನ ನೆಟ್ಟಿನ ಡಬ್ಬಿಯಿಂದ ಒಂದು ವಾಯರನ್ನು ನಮ್ಮ ಕಿಟಕಿಯೊಳಗೆ ಇಳಿಬಿಟ್ಟು, ‘ಇನ್ನ ನಂದ ಬ್ಯಾರೆ, ನಿಂದ ಬ್ಯಾರೆ ಅನಬ್ಯಾಡ’ ಎಂದಿದ್ದ. ಆಮೇಲೆ ರಸ್ತೆ ಅಗೆದಾಗ ಅವನ ಲೈನು ಕಡಿಯಿತು, ಡಬ್ಬಿಯನ್ನು ಆರಿಸಿ ಇಟ್ಟ. ವಾಯರು ಮಾತ್ರ ಮರ್ಯಾದೆಗೆಂದು ನಮ್ಮ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇತ್ತು. ಅದನ್ನು ಕಿತ್ತರೆ ಸಂಬಂಧ ಕಿತ್ತಂತೆ.

ಅಷ್ಟರಲ್ಲಿ ಮೇಲಿನಿಂದ ಕೂಗು ಬಂತು: ‘ತಮ್ಮಾ, ಸುಮಂಗಲಾನ ಸಂದರ್ಶನ ಐತೆಲಾ, ಮುಂಜಾನೆನ ನಮ್ಮ ಡಬ್ಬಿನೂ ಹಚ್ಚೇನಿ ನೋಡು! ದೀಪ ಹತ್ತೇದ!’

ದೀಪ ಹತ್ತಿದರೆ ನೆಟ್ಟೂ ಬಂತೆಂದೇ ಕಾಕಾನ ತಿಳುವಳಿಕೆ. ಲೈನಿಲ್ಲದ ಆ ಡಬ್ಬಿಗೆ ಜೀವ ಬಂದದ್ದರಿಂದಲೇ ನಮ್ಮ ಕಂಪ್ಯೂಟರ್ ಅತ್ತ ಹೊರಳಿತ್ತು. ವಾಯರು ಕೀಳಬೇಕೆಂದು ನನಗೂ ಹೊಳೆದಿತ್ತು. ಆದರೆ ಪ್ರೀತಿಯಿಂದ ಡಬ್ಬಿ ಹಚ್ಚಿ ಗ್ಯಾಲರಿಯಲ್ಲಿ ನಿಂತ ಮನುಷ್ಯನ ಎದುರಿಗೆ ಹೇಗೆ ಕೀಳುವುದು? ವಾಯರು ಮುಟ್ಟದೆ, ಆ ದಾರಿಯನ್ನಷ್ಟೇ ಅಳಿಸುವ ಆಜ್ಞೆ ಬರೆದೆ. ಗಡಿಬಿಡಿಯಲ್ಲಿ ಅಳಿಸಿದ್ದು ನಮ್ಮ ವೈಫೈ ದಾರಿಯನ್ನು!

‘ರೀ, ಇನ್ನ ಹತ್ತ ಮಿನಿಟ ಉಳದೈತಿ. ಏನ್ ಮಾಡಾಕತ್ತೀರಿ?’ ಸುಮಂಗಲಾ ಬಂದು ಕುರ್ಚಿಯ ಹಿಂದೆ ನಿಂತಳು.

‘ದಾರಿ ಸರಿ ಮಾಡಾಕತ್ತೇನಿ. ವಾಯರ್ ಕಿತ್ರ ಕಾಕಾ ಏನ್ ತಿಳ್ಕೋತಾನೋ ಅಂತ...’

‘ಏಳ್ರಿ ಮ್ಯಾಲ!’

ಎದ್ದೆ. ಅವಳು ವಾಯರು ಕಿತ್ತು, ಕಿಟಕಿಯಿಂದ ಮುಖ ಹೊರಗೆ ಹಾಕಿ ಕೂಗಿದಳು: ‘ಮಾವಾರ, ನಿಮ್ಮ ಡಬ್ಯಾಗ ನೆಟ್ ಬರವಲ್ದು. ವಾಯರ್ ತಗದೀನ್ರಿ, ಸಿಟ್ಟಾಗಬ್ಯಾಡ್ರಿ!’

‘ತಗಿ ಯವ್ವಾ, ಅದಕ್ಯಾಕ ಸಿಟ್ಟು!’ ಎಂದ ಕಾಕಾ. ಎರಡು ವರ್ಷ ನಾನು ಹೆದರಿದ್ದು ಈ ಮಾತಿಗೆ. ಸುಮಂಗಲಾ ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಳು. ನಾನು ಅಳಿಸಿದ ದಾರಿ ತಾನಾಗಿ ಮರಳಿ, ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ ನೆಟ್ ಬಂತು.

ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದಳು. ಕಿವಿ ಹಚ್ಚಿ ನಿಂತೆ. ‘ಗ್ರಂಥಾಲಯದ ಕಂಪ್ಯೂಟರ್ ಕೈಕೊಟ್ಟರೆ ಮೊದಲು ಏನು ಮಾಡುತ್ತೀರಿ?’ ಎಂದು ಯಾರೋ ಕೇಳಿದರು.

‘ಮೊದ್ಲ ಅದರ ಮುಂದ ಕುಂತವ್ರನ್ನ ಎಬ್ಬಸ್ತೀನ್ರೀ ಸರ್’ ಎಂದಳು.

ಆ ಕಡೆಯವರೆಲ್ಲ ಗೊಳ್ಳೆಂದು ನಕ್ಕರು. ವಾರದೊಳಗೆ ಕೆಲಸವೂ ಸಿಕ್ಕಿತು. ಅದರಲ್ಲಿ ನನ್ನ ಪಾಲೂ ಇದೆಯೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಏನು ಪಾಲು ಎಂದು ಕೇಳಿದವರಿಗೆ ಮಾತ್ರ, ನಿಮ್ಮ ಮುಂದೆ ಇಷ್ಟು ಬಿಚ್ಚಿ ಹೇಳಿದ ನಾನು, ‘ಹಿಂಗ ಸೀದಾ ಹೋಗ್ರಿ’ ಎಂದು ಭೂತನಾಳದ ಕೆರೆಯ ಕಡೆ ಕೈ ತೋರಿಸುತ್ತೇನೆ.