ಎರಡು ಬೆರಳು ಗ್ರೀಸು

ಹಿಂದಿನ ರವಿವಾರ ದೇವುನ ಪಿಸ್ತೂಲು ಎರಡು ಗುಂಡು ಹಾರಿಸಿ, ಮೂರನೆಯದಕ್ಕೆ ಕೆಮ್ಮಿ ನಿಂತುಬಿಟ್ಟಿತ್ತು. ಕಾರಣ ದೊಡ್ಡದೇನಲ್ಲ. ಒಂದು ಚಮಚ ತೆಂಗಿನೆಣ್ಣೆ.

ತದಡಿ ಬಂದರಿನಲ್ಲಿ ಹುಟ್ಟಿದವರಿಗೆ ಕಬ್ಬಿಣ ಕಂಡ ಕೂಡಲೆ ಕೈ ಎಣ್ಣೆಯ ಕಡೆ ಹೋಗುತ್ತದೆ. ಅಲ್ಲಿಯ ಉಪ್ಪುಗಾಳಿ ಬಾಗಿಲನ್ನು ಬಿಟ್ಟು ಬೀಗವನ್ನಷ್ಟೇ ತಿಂದುಹೋಗುವ ಜಾತಿಯದು. ಹಾಗಾಗಿ ಲಂಗರಿನ ಸರಪಳಿಗೆ ಎಣ್ಣೆ, ಸೈಕಲ್ಲಿನ ಚೈನಿಗೆ ಎಣ್ಣೆ, ಕೊಡೆಯ ಕಡ್ಡಿಗೂ ಎಣ್ಣೆ. ಅದೇ ಶ್ರದ್ಧೆಯಿಂದ ದೇವು ಮ್ಯಾಗಜಿನ್ನಿಗೂ ಸುರಿದಿದ್ದ. ಮ್ಯಾಗಜಿನ್ ಎಂದರೆ ಪಿಸ್ತೂಲಿನ ಹಿಡಿಕೆಯೊಳಗೆ ಸೇರುವ ಚಪ್ಪಟೆ ತಗಡಿನ ಡಬ್ಬಿ. ಅದರಲ್ಲೊಂದು ಸ್ಪ್ರಿಂಗು, ಸ್ಪ್ರಿಂಗಿನ ತಲೆಯ ಮೇಲೆ ಗುಂಡುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳುವ ಪುಟ್ಟ ಪ್ಲಾಸ್ಟಿಕ್ ಮಣೆ. ಎಣ್ಣೆಗೆ ಮದ್ದಿನ ಮಸಿ ಅಂಟಿ, ಮಸಿಗೆ ಧೂಳು ಅಂಟಿ, ಒಳಗೆ ಹಲಸಿನ ಮೇಣದಂಥದ್ದು ತಯಾರಾಗಿತ್ತು.

"ಪಿಸ್ತೂಲಿಗೆ ಎಲ್ಲಿ ಎಣ್ಣೆ ಬೇಕೋ ಅಲ್ಲಿ ನಾನು ಹಾಕ್ತೇನೆ," ಎಂದು ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿ, ಮಾಜಿ ಸೈನಿಕ ರಾಜೀವ ಸರ್ ಎಲ್ಲರೆದುರು ಗದರಿಸಿದ್ದರು. "ಮ್ಯಾಗಜಿನ್ ಒಳಗೆ ಒಂದು ಹನಿಯೂ ಕೂಡದು. ಮನೆಗೆ ತಗೊಂಡು ಹೋಗಿ ಬಿಚ್ಚು, ಉಜ್ಜು, ಒಣಗಿಸು. ಬರೋ ರವಿವಾರ ಆಯ್ಕೆ. ಮತ್ತೆ ಗುಂಡು ಸಿಕ್ಕಿಬಿದ್ರೆ ನಿನ್ನ ಹೆಸರು ಹೊಡೆದು ಹಾಕ್ತೇನೆ."

ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಅದಕ್ಕೆ ಇಬ್ಬರು ಉಮೇದುವಾರರು: ದೇವು ಮತ್ತು ಅವನ ದೊಡ್ಡಪ್ಪನ ಮಗ ಅಜಯ. ದೇವು ಐಸ್ ಫ್ಯಾಕ್ಟರಿಯಲ್ಲಿ ಐಸು ಒಡೆಯುವಾಗಲೂ ಒಂದು ಕಣ್ಣು ಮುಚ್ಚಿ ಗುರಿ ಹಿಡಿಯುವವನು. ಅಜಯ ಗುರಿಯ ಎದುರು ನಿಂತಾಗಲೂ ಆಕಳಿಸುವವನು. ತಂಡಕ್ಕೆ ತಾನೇ ಆಯ್ಕೆಯಾದೆನೆಂದು ದೇವು ಆಗಲೇ ಬಂದರಿನ ತುಂಬ ಹೇಳಿಕೊಂಡು ಬಂದಿದ್ದ. ತಪ್ಪಿದರೆ ಮುಖ ಮುಚ್ಚಿಕೊಂಡು ಓಡಾಡಲು ತದಡಿಯಲ್ಲಿ ಇರುವುದು ಒಂದೇ ರಸ್ತೆ.

ಆಯ್ಕೆಯ ದಿನ ಬೆಳಿಗ್ಗೆ ದೇವು ಜಗಲಿಯ ಮೇಲೆ ಹಳೆ ಪಂಚೆ ಹಾಸಿ ಕೂತ. ಮ್ಯಾಗಜಿನ್ನಿನ ತಳದಲ್ಲಿ ನೀಲಿ ಬಣ್ಣದ ಚುಕ್ಕೆಯಿತ್ತು. ಅವನ ಮನೆಯ ದೋಣಿ ನೀಲಿ. ಆ ಊರಿನಲ್ಲಿ ದೋಣಿಗೆ ಬಳಿದು ಉಳಿದ ಬಣ್ಣವನ್ನು ಬಲೆಯ ಬೆಂಡಿಗೆ, ಹುಟ್ಟಿಗೆ, ಬಕೆಟ್ಟಿಗೆ, ಬುತ್ತಿಡಬ್ಬಿಗೆ ಬಳಿಯುವುದು ರೂಢಿ. ಯಾವ ದೋಣಿಯವರ ಸಾಮಾನೆಂದು ದೂರದಿಂದಲೇ ಗೊತ್ತಾಗಬೇಕು. ಕ್ಲಬ್ಬಿನಿಂದ ಮ್ಯಾಗಜಿನ್ ಕೈಗೆ ಬಂದ ದಿನವೇ ದೇವು ಅಡಿಗೇನು ಮೇಲೇನು ಎಂದೂ ನೋಡದೆ ಚುಕ್ಕೆ ಇಟ್ಟಿದ್ದ.

ಅಡಿಮುಚ್ಚಳ ಜಾರಿಸಿ ನೋಡಿದರೆ ಒಳಗೆ ಮೇಣವೇ ಇಲ್ಲ. ಬರೇ ಒಣ ಧೂಳು. 'ವಾರದಲ್ಲಿ ಒಣಗಿರಬೇಕು' ಎಂದುಕೊಂಡು ಮುಚ್ಚಳವನ್ನು ಇನ್ನೊಂಚೂರು ಎಳೆದ. ಸ್ಪ್ರಿಂಗು ಅಷ್ಟಕ್ಕೇ ಕಾದಿದ್ದಂತೆ ಟಣ್ಣನೆ ಹಾರಿ, ಬೇಲಿ ದಾಟಿ, ಅಲ್ಲಿಂದ ಹೋಗುತ್ತಿದ್ದ ಸುಕ್ರಿಯ ತಲೆಯ ಮೇಲಿನ ಮೀನುಬುಟ್ಟಿಗೆ ಬಿತ್ತು.

"ಸುಕ್ರಕ್ಕಾ, ನಿಲ್ಲು!"

ಸುಕ್ರಿ ನಿಲ್ಲುವವಳಲ್ಲ. ಅಘನಾಶಿನಿ ಹೊಳೆ ದಾಟಿಸುವ ದೋಣಿಗೆ ಅವಸರದಲ್ಲಿದ್ದಳು. ದೇವು ಪಂಚೆ ಎತ್ತಿಕಟ್ಟಿ ಓಡಿದ. ದೋಣಿ ದಡ ಬಿಡುವ ಹೊತ್ತಿಗೆ ಹಾರಿ ಹತ್ತಿದವನೇ, ಒಂದು ಮಾತೂ ಆಡದೆ ಅವಳ ಬಂಗಡೆಯ ರಾಶಿಗೆ ಮೊಣಕೈವರೆಗೆ ಕೈ ಹಾಕಿದ.

"ಎಂತ ಮಾಡ್ತೆ ಮಾರಾಯಾ! ಮೀನಿನ ಹೊಟ್ಟೆ ಎಲ್ಲಾ ಒಡೀತೆ!" ಎಂದು ಸುಕ್ರಿ ಅವನ ಬೆನ್ನಿಗೊಂದು ಬಿಟ್ಟಳು.

"ನನ್ ಸ್ಪ್ರಿಂಗು ಅಕ್ಕಾ, ಸ್ಪ್ರಿಂಗು!"

"ಬಂಗಡೆಲಿ ಸ್ಪ್ರಿಂಗು ಹುಡುಕೂಕೆ ಬಂದವ ನೀನೊಬ್ಬನೇ. ಮುಳ್ಳು ಸಾಕಾಗಲಿಲ್ವಾ ನಿಂಗೆ?"

ದೋಣಿಯವರೆಲ್ಲ ಸುತ್ತ ನಿಂತರು. ಒಬ್ಬ ಗಡಿಯಾರದ ಸ್ಪ್ರಿಂಗಿರಬೇಕೆಂದ. ಇನ್ನೊಬ್ಬ, ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದು ಬಿಚ್ಚಿಹೋಯಿತೇನೋ ಎಂದು ದೇವುನ ಬಾಯಿ ತೆರೆಸಿ ನೋಡಿದ. ಆಚೆ ದಡ ಮುಟ್ಟುವಾಗ ಸ್ಪ್ರಿಂಗು ಒಂದು ಬಂಗಡೆಯ ಕಿವಿರಿನಲ್ಲಿ ಕಿವಿಯೋಲೆಯ ಹಾಗೆ ನೇತಾಡುತ್ತ ಸಿಕ್ಕಿತು. "ಮುಟ್ಟಿ ಮೆತ್ತಗೆ ಮಾಡಿದ್ದೆಲ್ಲ ನೀನೇ ತಕಂಡು ಹೋಗು," ಎಂದು ಸುಕ್ರಿ ಪಂಚೆಯ ಮಡಿಲಿಗೆ ಮೀನು ಸುರಿದಳು. ದೇವು ಅದೇ ದೋಣಿಯಲ್ಲಿ, ಬಸುರಿಯ ಹಾಗೆ ಹೊಟ್ಟೆ ಹಿಡಿದುಕೊಂಡು ವಾಪಸು ಬಂದ.

ಮನೆಯಲ್ಲಿ ತಾಯಿ ಮಾಸ್ತಮ್ಮ ಕುಂಕುಮದ ಬಟ್ಟಲು, ಎಣ್ಣೆ ಗಿಂಡಿ ಹಿಡಿದು ಜಗಲಿಯಲ್ಲೇ ಕೂತಿದ್ದಳು.

"ತಮಾ, ಹೊಸ ಕೆಲ್ಸಕ್ಕೆ ಹೋಗೂ ಕಬ್ಬಿಣ. ಒಂದು ಬೊಟ್ಟು ಎಣ್ಣೆ ಹಚ್ಚಿ ಕುಂಕುಮ ಇಡ್ತೆ, ಆತಾ?"

"ಆಯೀ, ಒಂದು ಹನಿ ಬಿದ್ರೂ ನಾ ಸತ್ತೆ!"

"ದೋಣಿ ಇಂಜಿನ್ನಿಗೆ ಇಡೂದಿಲ್ವಾ? ಅದು ಸತ್ತೋಗಿದ್ಯಾ?"

ತಾಯಿಯನ್ನು ಮೀನಿನ ಜೊತೆ ಒಳಗೆ ಕಳಿಸಿ, ದೇವು ಹಳೆ ಹಲ್ಲುಜ್ಜುವ ಬ್ರಷ್ ತಂದು, ಸೀಮೆಎಣ್ಣೆಯಲ್ಲಿ ಅದ್ದಿ ಉಜ್ಜಿದ. ಸ್ಪ್ರಿಂಗಿನ ಸುತ್ತುಸುತ್ತು ಒರೆಸಿದ. ಡಬ್ಬಿಯೊಳಗೆ ಬಟ್ಟೆ ತುರುಕಿ ಎಳೆದ. ಆಮೇಲೆ ಸೀಮೆಎಣ್ಣೆಯ ಪಸೆಯೂ ಉಳಿಯಬಾರದೆಂದು ಸಾಬೂನು ನೀರು, ಬಿಸಿ ನೀರು, ಬಿಸಿಲು. ಆ ರಗಳೆಯಲ್ಲಿ ತಳದ ನೀಲಿ ಚುಕ್ಕೆಯೂ ಎದ್ದುಹೋಗಿ, ಅದರಡಿ ನಾಲ್ಕು ಎಂಬ ಅಂಕಿ ಕಂಡಿತು. ಕಾರ್ಖಾನೆಯವರು ಏನೇನೋ ಕೊರೆದಿರುತ್ತಾರೆ ಎಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾಗಜಿನ್ ಮದುವೆಗೆ ಹೊರಟ ಮದುಮಗನ ಚಪ್ಪಲಿಯ ಹಾಗೆ ಹೊಳೆಯುತ್ತಿತ್ತು.

ಆಗ ಬಂದ ದಾಸ. ದಾಸ ದೋಣಿ ಇಂಜಿನ್ ಮೆಕ್ಯಾನಿಕ್. ಲೋಕದಲ್ಲಿ ಅವನು ನಂಬಿದ್ದು ಎರಡನ್ನೇ: ಒಂದು ದೇವರು, ಇನ್ನೊಂದು ಗ್ರೀಸು. ಅವನ ಮಂಡಿ ನೋವಿಗೂ ಗ್ರೀಸೇ ಔಷಧ ಎಂದು ಜನ ಹೇಳುತ್ತಿದ್ದರು.

"ಅಯ್ಯಯ್ಯೋ! ಕಬ್ಬಿಣನ ಹಿಂಗೆ ಬತ್ತಲೆ ಕೂರಿಸೂದನಾ?" ಎನ್ನುತ್ತ ದಾಸ ಕೈಲಿದ್ದ ಗ್ರೀಸಿನ ಡಬ್ಬದೊಳಗೆ ಎರಡು ಬೆರಳು ಅದ್ದಿದ. "ಸಂಜೆಯೊಳಗೆ ತುಕ್ಕು ಹಿಡೀತದೆ. ಸರಿ, ಆಚೆ ಸರಿ."

ದೇವು ಬೇರೆ ದಾರಿ ತೋಚದೆ ಮ್ಯಾಗಜಿನ್ನಿನ ಮೇಲೆ ಕೂತುಬಿಟ್ಟ.

"ಏಳೋ!"

"ಏಳೂದಿಲ್ಲ ದಾಸಣ್ಣಾ. ಇದು ಒಣಾ ಇರ್ಬೇಕು."

"ಇಪ್ಪತ್ತು ದೋಣಿ ನನ್ನ ಕೈಲಿ ಓಡ್ತದೆ. ನಿನ್ನ ಅಂಗೈ ಅಗಲದ ಡಬ್ಬಿ ನಂಗೆ ಬುದ್ಧಿ ಹೇಳ್ತದ್ಯಾ? ಏಳ್ತ್ಯೋ ಇಲ್ಲಾ, ನಿಂಗೇ ಹಚ್ಚಲಾ?"

ದೇವು ಏಳಲಿಲ್ಲ. ದಾಸ ಗ್ರೀಸಿನ ಬೆರಳನ್ನು ಆಕಾಶಕ್ಕೆ ತೋರಿಸಿ ನಿಂತ. ಸಿಟ್ಟಿನಿಂದ ಅವನ ಮೀಸೆ ನಡುಗಿತು. "ಆತು. ನಿಂಗೆ ದೊಡ್ಡವ್ರ ಮಾತು ಬೇಡಾ. ಪಕ್ಕದ ಮನೆ ಅಜಯ ಹಂಗಲ್ಲ, ಮರ್ಯಾದೆ ಇದ್ದವ. ಅವಂದಕ್ಕೆ ಹಚ್ತೆ. ಅವ ಗೆದ್ದು ಬಂದಾಗ ನೀ ನೋಡ್ತಾ ಕೂತಿರು."

ದೇವುನ ತಲೆಯೊಳಗೆ ಹಬ್ಬದ ಬಲ್ಬುಗಳು ಒಂದೊಂದಾಗಿ ಹತ್ತಿಕೊಂಡವು.

"ಅದೂ ಸರಿನೇ ದಾಸಣ್ಣಾ," ಎಂದ ಮೆತ್ತಗೆ. "ಅವ ಇನ್ನೂ ಮಲಗಿದ್ದಾನೆ. ಎಬ್ಬಿಸೂದು ಬೇಡ. ಅವನ ಡಬ್ಬಿ ಕಿಟಕಿ ಮೇಲಿನ ಚೀಲದಲ್ಲಿ ಇರ್ತದೆ. ಎರಡು ಬೆರಳು ಹೆಚ್ಚೇ ಹಚ್ಚು. ಒಳಗೂ ತುಂಬು."

"ಈಗ ನೋಡು, ಬುದ್ಧಿ ಬಂತು!" ಎಂದು ದಾಸ ಸಂತೋಷದಿಂದ ಬೇಲಿ ಹಾರಿದ. ಪಕ್ಕದ ಕಿಟಕಿಯಿಂದ ಪಚಪಚ ಸದ್ದು ಬಹಳ ಹೊತ್ತು ಕೇಳಿಸಿತು. ದೇವುಗೆ ಅದು ಸಂಗೀತದ ಹಾಗಿತ್ತು.

ಕ್ಲಬ್ಬಿನ ಮೈದಾನವೆಂದರೆ ಹೊಳನಗದ್ದೆ ಊರಿನ ಆಚೆ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆಯ ಹಿತ್ತಿಲು. ಪಿಸ್ತೂಲು, ಗುಂಡು ಎಲ್ಲ ಅಲ್ಲಿಯ ಕಬ್ಬಿಣದ ಕಪಾಟಿನಲ್ಲೇ ಇರುತ್ತಿದ್ದವು. ದೋಣಿಯಲ್ಲಿ ದಾಟುವಾಗ ನೀರಿನ ಸೀರ್ಪನಿ ತಾಗದಂತೆ ದೇವು ಮ್ಯಾಗಜಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಲೆಯ ಮೇಲೆ ಟೊಪ್ಪಿಯೊಳಗೆ ಇಟ್ಟುಕೊಂಡ. ಅಜಯ ಅವನ ಭುಜಕ್ಕೆ ಒರಗಿ ನಿದ್ದೆ ಹೋದ. ದೇವು ಎಂದೂ ಇಲ್ಲದ ಪ್ರೀತಿಯಿಂದ ಅವನ ತಲೆ ಬೀಳದಂತೆ ಹಿಡಿದುಕೊಂಡ. ಕುಮಟೆಯಲ್ಲಿ ಚಹಾ ಕೊಡಿಸಿ, ಜೊತೆಗೆ ಎರಡು ಭಜಿಯನ್ನೂ ಕೊಡಿಸಿದ. ಹಿಂದೆ ದಾಸ, ಸುಕ್ರಿ, ಮಾಸ್ತಮ್ಮ, ಐಸ್ ಫ್ಯಾಕ್ಟರಿಯ ಅರ್ಧ ಜನ, ಎಲ್ಲರೂ ನೋಡಲು ಬಂದರು.

ರಾಜೀವ ಸರ್ ಮೇಜಿನ ಮೇಲೆ ರಾಶಿ ಬಿದ್ದ ಮ್ಯಾಗಜಿನ್ನುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು. ದೇವುನದನ್ನು ಬೆಳಕಿಗೆ ಹಿಡಿದರು. ಬೆರಳು ಹಾಕಿ ಮಣೆ ಒತ್ತಿದರು. ಅದು ಕಪ್ಪೆಯ ಹಾಗೆ ಚಂಗನೆ ಮೇಲೆದ್ದಿತು. ಕರವಸ್ತ್ರ ಹಾಕಿ ಒರೆಸಿದರು. ಕರವಸ್ತ್ರ ಬೆಳ್ಳಗೇ ಇತ್ತು.

"ಎಲ್ಲರೂ ಇಲ್ಲಿ ನೋಡಿ!" ಎಂದು ಕೂಗಿದರು. "ಮ್ಯಾಗಜಿನ್ ಅಂದ್ರೆ ಹೀಗಿರಬೇಕು! ನನ್ನ ಸರ್ವಿಸ್ಸಿನಲ್ಲೇ ಇಂಥಾದ್ದು ನೋಡಿಲ್ಲ."

ಚಪ್ಪಾಳೆ ಬಿತ್ತು. ಮಾಸ್ತಮ್ಮ ಕಣ್ಣೊರೆಸಿಕೊಂಡಳು. ದೇವುನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

ರಾಜೀವ ಸರ್ ಅದನ್ನು ತಿರುಗಿಸಿ ತಳ ನೋಡಿದರು. "ನಂಬರ್ ನಾಲ್ಕು. ಅಜಯ, ಶಾಭಾಸ್! ನಿನ್ನಿಂದ ಇದನ್ನು ನಿರೀಕ್ಷೆ ಮಾಡಿರಲಿಲ್ಲ."

ಅಜಯ ಆಕಳಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ. "ನಂದಾ?"

"ನಾಲ್ಕು ನಿನಗೆ ಕೊಟ್ಟಿದ್ದಲ್ವಾ? ದೇವುಂದು ಏಳು. ನಾನೇ ಕೊರೆದದ್ದು. ನೀವು ಆ ದರಿದ್ರ ಬಣ್ಣ ಬಳಿದು ಮುಚ್ಚಿಬಿಟ್ರಿ."

ಅಜಯ ಚೀಲದಿಂದ ಇನ್ನೊಂದು ಮ್ಯಾಗಜಿನ್ ತೆಗೆದ. ತಳದಲ್ಲಿ ಅದೇ ನೀಲಿ ಚುಕ್ಕೆ. ಒಂದೇ ದೋಣಿಯ ಎರಡು ಮನೆ, ಒಂದೇ ಬಣ್ಣದ ಡಬ್ಬ. ಹಿಂದಿನ ರವಿವಾರ ಗದರಿಕೆಯ ಗಡಿಬಿಡಿಯಲ್ಲಿ ಇಬ್ಬರೂ ಮೇಜಿನಿಂದ ನೀಲಿ ಕಂಡದ್ದನ್ನು ಎತ್ತಿಕೊಂಡು ನಡೆದಿದ್ದರು. ಆ ಚುಕ್ಕೆ ಬಿಟ್ಟರೆ ಚೀಲದಿಂದ ಬಂದದ್ದಕ್ಕೆ ಆಕಾರವೇ ಇರಲಿಲ್ಲ. ಕಪ್ಪು ಗ್ರೀಸು ಮೇಲಿಂದ ಕೆಳಗೆ ಇಳಿದು ಮೇಜಿನ ಮೇಲೆ ಸಣ್ಣ ಗುಡ್ಡೆಯಾಯಿತು. ರಾಜೀವ ಸರ್ ಉಗುರಿನಿಂದ ಬಣ್ಣ ಕೆರೆದರು. ಏಳು.

"ಸರ್, ಆ ನಾಲ್ಕನ್ನ ಉಜ್ಜಿದ್ದು ನಾನು ಸರ್!" ಎಂದು ದೇವು ಕಿರುಚಿದ. "ಇದಕ್ಕೆ ಯಾರೋ ಬೇಕಂತ ಗ್ರೀಸು ತುಂಬಿದ್ದಾರೆ!"

"ಯಾರು?" ಸರ್ ಗುಡುಗಿದರು. "ಯಾರು ಮಾಡಿದ್ದು ಇದನ್ನ?"

ಜನರ ನಡುವಿನಿಂದ ದಾಸ ಎರಡು ಕಪ್ಪು ಬೆರಳು ಎತ್ತಿ ಹೆಮ್ಮೆಯಿಂದ ಮುಂದೆ ಬಂದ. "ನಾನೇ ಸರ್! ಮೊದ್ಲು ಒಂದು ಬೆರಳು ಸಾಕು ಅಂತಿದ್ದೆ. ಎರಡು ಬೆರಳು ಹೆಚ್ಚೇ ಹಚ್ಚು, ಒಳಗೂ ತುಂಬು ಅಂತ ದೇವುನೇ ಹೇಳ್ದ. ಒಳ್ಳೇ ಹುಡುಗ!"

ಸುಕ್ರಿ ಮಾತ್ರ ಗಟ್ಟಿಯಾಗಿ ನಕ್ಕಳು. ರಾಜೀವ ಸರ್ ಏಳನೇ ನಂಬರನ್ನು ಎರಡು ಬೆರಳ ತುದಿಯಲ್ಲಿ ಎತ್ತಿ ದೇವುನ ಕೈಗೆ ಇಟ್ಟರು. "ಯಾರ ನಂಬರು ಅವರಿಗೆ. ಹೋಗು, ಹೊಡಿ."

ದೇವು ಪಂಚೆಯ ತುದಿಯಲ್ಲಿ ಸಿಕ್ಕಷ್ಟು ಒರೆಸಿಕೊಂಡು ಹೊಡೆದ. ಮೊದಲ ಗುಂಡು ಹೋಯಿತು. ಎರಡನೆಯದು ಊಟವಾದ ಮೇಲೆ ಮಹಡಿ ಹತ್ತುವ ಮುದುಕನ ಹಾಗೆ ಅರ್ಧ ಮೇಲೆ ಬಂದು ಅಲ್ಲೇ ಕೂತಿತು. ಅಜಯನ ಐದೂ ಗುಂಡು ಚಟಪಟನೆ ಹಾರಿದವು. ಕಣ್ಣು ತೆರೆದು ನೋಡಿದಾಗ ತಾನು ತಂಡದಲ್ಲಿದ್ದೇನೆ ಎಂದು ಅವನಿಗೇ ಆಶ್ಚರ್ಯವಾಯಿತು.

ವಾಪಸು ದೋಣಿಯಲ್ಲಿ ದೇವು ಯಾರ ಮುಖವನ್ನೂ ನೋಡದೆ ನೀರು ನೋಡುತ್ತ ಕೂತ. ಮನಸ್ಸಿನಲ್ಲೇ ಒಂದು ಶಪಥ ಮಾಡಿದ: ಇನ್ನು ನೀಲಿ ಬೇಡ. ತನ್ನ ಮ್ಯಾಗಜಿನ್ನಿಗೆ ಕೆಂಪು ಬಣ್ಣ. ಅಪ್ಪನ ದೋಣಿ ಮುಳುಗಲಿ, ಕೆಂಪೇ.

ಅಜಯ ಪಕ್ಕದಲ್ಲಿ ಬಂದು ಕೂತ.

"ಬೇಜಾರು ಮಾಡ್ಕಬೇಡ್ವೋ. ತಂಡದ ಮ್ಯಾಗಜಿನ್ ಎಲ್ಲಾ ಉಜ್ಜೂಕೆ ಒಬ್ಬ ಬೇಕು ಅಂದ್ರು ಸರ್. ನಿನ್ ಹೆಸ್ರು ಹೇಳಿದ್ದೆ."

ದೇವು ಟೊಪ್ಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

"ಮತ್ತೆ ಈ ನೀಲಿ ಚುಕ್ಕೆಯಿಂದ್ಲೇ ಇಷ್ಟೆಲ್ಲ ಆದದ್ದು," ಎಂದು ಅಜಯ ಆಕಳಿಸಿದ. "ಅಲ್ಲಿ ಗುರಿಹಲಗೆಗೆ ಬಳಿಯೂ ಕೆಂಪು ಬಣ್ಣ ಇತ್ತಲ್ಲ, ನನ್ನ ಮ್ಯಾಗಜಿನ್ನಿಗೆ ಅದನ್ನೇ ಇಟ್ಟೆ. ಬ್ರಷ್‌ನಲ್ಲಿ ಒಂಚೂರು ಉಳಿದಿತ್ತು. ನಿಂದಕ್ಕೂ ಒಂದು ಇಟ್ಟೆ, ನೋಡು."