ಆಯುಧಪೂಜೆಯಂದು ಯುದ್ಧಯಂತ್ರವನ್ನು ಆರಿಸದಿರುವ ಬಗ್ಗೆ

ಸಿಬ್ಬಂದಿ ಮನರಂಜನಾ ಕೊಠಡಿ, ಅರಕಲಗೂಡು
ಸಂಖ್ಯೆ: ಮ.ಕೊ./ಅನ್ಯಗ್ರಹ/04/2025-26
ದಿನಾಂಕ: 26-09-2025

ಸುತ್ತೋಲೆ

ವಿಷಯ: ಬೆರಳಚ್ಚುಗಾರ್ತಿ ಶ್ರೀಮತಿ ಪುಷ್ಪಾವತಿ ಇವರ ಗರಿಷ್ಠ ಅಂಕದ ಸಂರಕ್ಷಣೆ.
ಉಲ್ಲೇಖ: ವಿದ್ಯುತ್ ಕೆಲಸಗಾರ ಶ್ರೀ ನಂಜಪ್ಪ ಇವರ ಮೌಖಿಕ ಸಮಜಾಯಿಷಿ.

ಹಾಸನದಲ್ಲಿ ಮುಚ್ಚಿಹೋದ ವಿಡಿಯೋ ಗೇಮ್ ಅಂಗಡಿಯೊಂದರ ಹರಾಜಿನಿಂದ ಬಂದು, ಅಂದಿನಿಂದಲೂ ಈ ಕೊಠಡಿಯಲ್ಲಿ ಅನ್ಯಗ್ರಹದ ದಾಳಿಯನ್ನು ಎದುರಿಸುತ್ತಿರುವ ಆಟದ ಯಂತ್ರವು, ಸ್ವಿಚ್ಚು ಆರಿಸಿದೊಡನೆ ಗರಿಷ್ಠ ಅಂಕವನ್ನು ಮರೆತುಬಿಡುತ್ತದೆ. ಕಳೆದ ಆಯುಧಪೂಜೆಯಂದು ಶ್ರೀ ನಂಜಪ್ಪ ಅದನ್ನು ಆರಿಸಿ ಕುಂಕುಮವಿಟ್ಟಿದ್ದರಿಂದ ಶ್ರೀಮತಿಯವರ ಅಂಕ ಸೊನ್ನೆಯಾಯಿತು. ಕಾರಣ ಕೇಳಲಾಗಿ, "ಪೂಜೆ ದಿನ ಮಿಷನ್ನು ತಣ್ಣಗೆ ಕೂತಿರ್ಬೇಕು ಕಣ್ ಸಾ. ಆಯಮ್ಮಂಗೆ ಕೈ ಪಳಗೈತೆ, ಇನ್ನೊಂದ್ಸಲ ಒಡೀತಾರೆ ಬುಡಿ" ಎಂದಿರುತ್ತಾರೆ.

ಶ್ರೀಮತಿಯವರು ಅದೇ ಅಂಕವನ್ನು ಕಳೆದ ವಾರ ಮತ್ತೆ ಹೊಡೆದಿರುತ್ತಾರೆ. ಅದಕ್ಕೆ ಒಂದು ವರ್ಷ ಹಿಡಿದಿರುತ್ತದೆ. ಮುಂದಿನ ತಿಂಗಳ ಕೊನೆಗೆ ಅವರು ನಿವೃತ್ತರಾಗುವುದರಿಂದ ಇನ್ನೊಂದು ವರ್ಷ ಮಂಜೂರಾಗುವ ಸಂಭವವಿಲ್ಲ. ಒಬ್ಬರ ಶ್ರಮವನ್ನು ಇನ್ನೊಬ್ಬರ ಭಕ್ತಿಯು ಅಳಿಸುವುದು ಘೋರ ಅನ್ಯಾಯವಾದ್ದರಿಂದ ಈ ಕೆಳಕಂಡಂತೆ ವಿಧಿಸಲಾಗಿದೆ:

1. ಪೂಜೆಯನ್ನು ಯಂತ್ರ ಚಾಲನೆಯಲ್ಲಿರುವಾಗಲೇ ನೆರವೇರಿಸತಕ್ಕದ್ದು. ಪರದೆಗೆ ಕುಂಕುಮ ಇಡತಕ್ಕದ್ದಲ್ಲ. ಕಳೆದ ಬಾರಿ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದನ್ನು ಶತ್ರುನೌಕೆಯೆಂದು ತಿಳಿದು ಮೂವರು ಸಿಬ್ಬಂದಿ ಗುಂಡು ಹಾರಿಸಿರುತ್ತಾರೆ.

2. ಯಾರೂ ಮುಟ್ಟದಿರುವಾಗ ಯಂತ್ರವು ತನ್ನಷ್ಟಕ್ಕೆ ತಾನೇ ಆಡಿ ತೋರಿಸುವುದನ್ನು ಆಯುಧದ ವಿಶ್ರಾಂತಿ ಎಂದೇ ಪರಿಗಣಿಸತಕ್ಕದ್ದು.

3. ಕರೆಂಟು ಹೋಗುವ ಸಂಭವವಿರುವುದರಿಂದ ಕಚೇರಿಯ ಏಕೈಕ ಯುಪಿಎಸ್ಸನ್ನು ಕಂಪ್ಯೂಟರಿನಿಂದ ಬಿಡಿಸಿ ಯಂತ್ರಕ್ಕೆ ಜೋಡಿಸತಕ್ಕದ್ದು. ಕಡತಗಳಿಗೆ ಕಾಯುವ ಅಭ್ಯಾಸವಿದೆ.

4. ಆಟದಲ್ಲಿ ರಕ್ಷಣೆಗೆಂದು ಕೊಟ್ಟಿರುವ ಗುರಾಣಿಯ ಹಿಂದೆ ಅವಿತು, ಅದೇ ಗುರಾಣಿಯನ್ನು ಒಳಗಿನಿಂದ ತೂತು ಮಾಡಿ ಶತ್ರುವಿಗೆ ಹೊಡೆಯುವ ಹೇಡಿತನವನ್ನು ಸ್ವತ್ತಿನ ನಾಶವೆಂದು ಪರಿಗಣಿಸಲಾಗುವುದು.

5. ಸಂಖ್ಯೆ ಕಡಿಮೆಯಾದಂತೆಲ್ಲ ಉಳಿದ ಶತ್ರುಗಳು ಇನ್ನಷ್ಟು ಚುರುಕಾಗಿ ಕೆಲಸ ಮಾಡುವುದನ್ನು ಗಮನಿಸಲಾಗಿದೆ. ಖಾಲಿ ಹುದ್ದೆಗಳ ನೆಪ ಹೇಳುವ ಸಿಬ್ಬಂದಿಯು ಇದನ್ನು ದಿನಕ್ಕೊಮ್ಮೆ ನಿಂತು ನೋಡತಕ್ಕದ್ದು.

6. ಮಂಗಳಾರತಿಯ ವೇಳೆಗೆ ಶತ್ರುಗಳು ನೆಲ ಮುಟ್ಟಿದಲ್ಲಿ, ಹಬ್ಬದ ದಿನವಾದ್ದರಿಂದ, ಅವರಿಗೂ ಕಡ್ಲೆಪುರಿ ಕೊಟ್ಟು ಬೀಳ್ಕೊಡತಕ್ಕದ್ದು.

(ಸಹಿ)
ಪಂಚಾಕ್ಷರಯ್ಯ
ಕಾರ್ಯದರ್ಶಿ

ಪ್ರತಿಗಳು:
1. ಶ್ರೀ ನಂಜಪ್ಪ: ಸ್ವಿಚ್ಚಿನಿಂದ ದೂರ ನಿಂತು ಓದಿಕೊಳ್ಳಲು.
2. ಕಂಪ್ಯೂಟರ್ ವಿಭಾಗ: ಅಂದು ಕಂಪ್ಯೂಟರ್ ಇರುವುದಿಲ್ಲವಾದ್ದರಿಂದ, ಕಾಗದದಲ್ಲಿ.
3. ಅನ್ಯಗ್ರಹದ ಶತ್ರುಗಳು: ಗಾಜಿನ ಮೇಲೆ, ಅಕ್ಷರಗಳು ಒಳಮುಖವಾಗಿ ಕಾಣುವಂತೆ ಅಂಟಿಸಿ.
4. ಶ್ರೀಮತಿ ಪುಷ್ಪಾವತಿ: ಅಂಕ ಉಳಿದಲ್ಲಿ ಮಾಹಿತಿಗಾಗಿ, ಅಳಿದಲ್ಲಿ ಮರುಸಾಧನೆಗಾಗಿ, ನಿವೃತ್ತಿಯ ದಿನ ಸಂಜೆ ಐದೂವರೆಯೊಳಗೆ. ಬೀಳ್ಕೊಡುಗೆ ಭಾಷಣಗಳನ್ನು ಅಲ್ಲಿಯವರೆಗೆ ಎಳೆಯಲಾಗುವುದು.