ಮಾಣಿಕಪ್ಪನ ಬಾಳಿಕೆ ಪರೀಕ್ಷೆ

ಹನ್ನೆರಡು ವರ್ಷ ಬೇರೆಯವರ ವರದಿಗಳಿಗೆ ಅಂಕಿ ಒದಗಿಸಿ ಸವೆದ ಮಾಣಿಕಪ್ಪನಿಗೆ ಕೊನೆಗೂ ಸ್ವಂತ ಹೆಸರಿನ ವರದಿಯ ಯೋಗ ಕೂಡಿಬಂದಿತ್ತು. ಅವನು ಕೆಲಸ ಮಾಡುವ ನಾಚಾರಂನ ಸೌರಫಲಕ ಪರೀಕ್ಷಾ ಕೇಂದ್ರದ ಮಾಳಿಗೆ ತುಂಬಿಹೋಗಿದ್ದರಿಂದ, ತೆಳುಪದರದ ಹೊಸ ಫಲಕವೊಂದನ್ನು ಅವನ ಮನೆಯ ಮಾಳಿಗೆಯ ಮೇಲೆಯೇ ಕೂರಿಸಿದ್ದರು. ವರ್ಷವಿಡೀ ಬಿಸಿಲು, ಮಳೆ, ಧೂಳು ತಿಂದ ಮೇಲೆ ಅದರ ಶಕ್ತಿ ಎಷ್ಟು ಕುಗ್ಗುತ್ತದೆಂದು ಅಳೆಯಬೇಕು. ಪ್ರತಿ ಭಾನುವಾರ ಮಧ್ಯಾಹ್ನ ಮಾಣಿಕಪ್ಪ ಮೀಟರು ಹಿಡಿದು, ಪೂಜೆಗೆ ಕೂತವರ ಗಾಂಭೀರ್ಯದಿಂದ ಅಳೆಯುತ್ತಿದ್ದ. (ಆ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ.)

ವರ್ಷ ತುಂಬಿತು. ಫಲಕ ಎಳ್ಳಷ್ಟೂ ಕುಗ್ಗಿರಲಿಲ್ಲ! ಊರಿನ ಇನ್ನೊಂದು ತುದಿಯ ಮಿಯಾಪುರದಲ್ಲಿಟ್ಟಿದ್ದ ಇದರ ಜೋಡಿ ಫಲಕ ನೂರಕ್ಕೆ ಎಂಟರಷ್ಟು ಸೊರಗಿತ್ತು. "ಅಳಿಯೂದು ಬರಬೇಕ್ರಿ" ಎಂದು ಮಾಣಿಕಪ್ಪ ಆಫೀಸಿನಲ್ಲಿ ಮೀಸೆ ತಿರುವಿದ.

ವರದಿ ಒಪ್ಪಿಸುವ ಹಿಂದಿನ ದಿನ, ಗುರುವಾರ, ಕೊನೆಯದಾಗಿ ಒಮ್ಮೆ ಅಳೆಯೋಣವೆಂದು ಮಧ್ಯಾಹ್ನವೇ ಬಂದು ಮಾಳಿಗೆ ಹತ್ತಿದವನು ಬಾಗಿಲಲ್ಲೇ ನಿಂತ. ಫಲಕ ದಪ್ಪ ಕೌದಿ ಹೊದ್ದು, ಮೇಲೊಂದು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ನೆಮ್ಮದಿಯಾಗಿ ಮಲಗಿತ್ತು.

"ಗುರುದೇವಿ! ಏನಿದು?"

"ಮತ್ತೇನ್ರಿ, ಹೊಸಾ ಸಾಮಾನು ಬಿಸಲಾಗ ಬಿಟ್ರ ಹಾಳಾಗೂದಿಲ್ಲೇನು?" ಎಂದಳು ಹೆಂಡತಿ ಹೆಮ್ಮೆಯಿಂದ. (ಆ ಮನೆಯಲ್ಲಿ ಸೋಫಾ, ಫ್ರಿಜ್ಜು, ಟಿವಿಯ ರಿಮೋಟು ಎಲ್ಲವೂ ಕವರಿನೊಳಗೇ ಸಂಸಾರ ಮಾಡುತ್ತಿದ್ದವು.) "ನೀವು ಅಳಿಯಾಕ ಬರೂಕಿಂತ ಮೊದಲ ತಗೀತೀನಿ, ಆಮ್ಯಾಲೆ ಮುಚ್ಚತೀನಿ. ಒಂದ್ ದಿನಾನೂ ತಪ್ಪಿಲ್ಲ."

"ಅದು ಬಿಸಲಾಗ ಸೊರಗಬೇಕು! ಎಷ್ಟು ಸೊರಗತೈತಿ ಅಂತ ನೋಡಾಕ ಇಟ್ಟದ್ದು!"

"ಹಂಗಂತ ಯಾವಾಗ ಹೇಳೀರಿ? ಮುಟ್ಟಬ್ಯಾಡ, ಸೀನಬ್ಯಾಡ ಅಂದ್ರಿ, ಅಷ್ಟ."

ಮಾಣಿಕಪ್ಪ ಕೌದಿ ಎಳೆದು ತೆಗೆದ. ಹೇಳಿರಲಿಲ್ಲ, ನಿಜ. ಇವಳಿಗೇನು ತಿಳಿಯುತ್ತದೆ ಎಂದುಕೊಂಡಿದ್ದ. ಈಗ ನಾಚಿಕೆಯಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಅಂಕಿ ನಂಬಿ ಎಷ್ಟು ಮನೆಯವರು ಫಲಕ ಕೊಳ್ಳುತ್ತಾರೋ! ಮರುದಿನ ಮೇಲಧಿಕಾರಿ ಪ್ರೇಮಾ ಮೇಡಂ ಎದುರು ಎಲ್ಲವನ್ನೂ ಒಪ್ಪಿಕೊಂಡು, ತನ್ನ ಹೆಸರಿದ್ದ ಮೊದಲ ವರದಿಯನ್ನು ತಾನೇ ಹರಿದ.

ಮೈಸೂರಿನವರಾದ ಮೇಡಂ ಹರಿದ ಚೂರುಗಳನ್ನು ಒಟ್ಟುಮಾಡಿ ಬುಟ್ಟಿಗೆ ಹಾಕಿದರು. ಆಮೇಲೆ, "ಮತ್ತೆ ಒಂದು ವರ್ಷ ಅಳೀಬೇಕು. ಈ ಸಲ ದಿನಾ ನೋಡಿಕೊಳ್ಳೋಕೆ ಒಬ್ಬರು ಬೇಕು. ಒಂದು ದಿನಾನೂ ತಪ್ಪಿಸದವರು ನಿಮ್ಮ ಮನೇಲೇ ಇದ್ದಾರಲ್ಲ!" ಎಂದರು.

ಹೀಗೆ ದಾಖಲೆ ಪುಸ್ತಕ ಗುರುದೇವಿಯ ಕೈ ಸೇರಿತು. ಮೊದಲ ಭಾನುವಾರ ಮಾಣಿಕಪ್ಪ ಮೀಟರು ಹಿಡಿದು ಫಲಕದ ಮೇಲೆ ಬಗ್ಗಿದ.

"ಅತ್ಲಾಗ ಸರೀರಿ, ನಿಮ್ಮ ನೆರಳು ಬೀಳಾಕತ್ತೈತಿ," ಎಂದಳು ಗುರುದೇವಿ, ಪೆನ್ನು ಎತ್ತಿ. "ಇಲ್ಲಾಂದ್ರ ಪುಸ್ತಕದಾಗ ಅಡ್ಡಿ ಅಂತ ನಿಮ್ಮ ಹೆಸರು ಬರೀಬೇಕಾಗತೈತಿ."